ಐದು ಎಂಎಲ್ ಅಂದ್ರೆ ಎಷ್ಟು?

ಹೋದ ತಿಂಗಳು ಅರಸೀಕೆರೆಯಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಊಟ ಆಯ್ತಾ, ಮಳೆ ಬಂತಾ, ಗ್ಯಾಸ್ ಬುಕ್ ಮಾಡಿದ್ಯಾ ಎಲ್ಲ ಮುಗಿದ ಮೇಲೆ ನಿಧಾನಕ್ಕೆ ವಿಷಯಕ್ಕೆ ಬಂದರು. "ನೋಡೇ, ನೀನು ಆಸ್ಪತ್ರೇಲಿ ಕಂಪ್ಯೂಟರ್ ಮುಂದೆ ಕೂತ್ಕೊಂಡು ಏನೋ ಮಾಡ್ತೀಯಲ್ಲ, ಆ ಕೆಲ್ಸ ನಮ್ ಪುಟ್ಟಿಗೂ ಕೊಡ್ಸೇ. ಆರು ವರ್ಷದಿಂದ ನೈಟ್ ಡ್ಯೂಟಿ ಮಾಡಿ ಮಾಡಿ ಬೆನ್ನು ಹೋಗಿದೆ. ನೋಡೋಕೆ ಬಂದ ಗಂಡಿನ ಕಡೆಯವ್ರೂ ಮೊದಲು ಕೇಳೋದು ಅದನ್ನೇ, ನೈಟ್ ಡ್ಯೂಟಿ ಬಿಡ್ತಾಳಾ ಅಂತ."

ಪುಟ್ಟಿ ಅಂದರೆ ಚಿಕ್ಕಮ್ಮನ ಮಗಳು. ಬಿಎಸ್ಸಿ ನರ್ಸಿಂಗ್ ಮಾಡಿದ್ದಾಳೆ. ಬೆಂಗಳೂರಲ್ಲೇ, ನಮ್ಮದಲ್ಲದ ಇನ್ನೊಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಕೆಲಸ ಕೊಡಿಸೋಕೆ ನಾನ್ಯಾರು ಚಿಕ್ಕಮ್ಮ, ಭಾನುವಾರ ಮನೆಗೆ ಬರೋಕೆ ಹೇಳಿ, ಮಾತಾಡೋಣ ಅಂದೆ. ಫೋನ್ ಇಟ್ಟ ಮೇಲೆ ಅನ್ನಿಸಿತು, ಈ ಅಂಕಣದಲ್ಲಿ ಪಿಜಿ ಊಟದಿಂದ ಹಿಡಿದು ಅಪ್ಪನ ಸ್ಕೂಟರ್‌ವರೆಗೆ ಎಲ್ಲ ಬರೆದಿದ್ದೇನೆ, ಹೊಟ್ಟೆಗೆ ಅನ್ನ ಹಾಕುವ ಕೆಲಸದ ಬಗ್ಗೆ ಮಾತ್ರ ಬರೆದೇ ಇಲ್ಲ. ಯಾಕೆ ಬರೆದಿರಲಿಲ್ಲ ಅನ್ನೋದಕ್ಕೂ ಒಂದು ಕಾರಣ ಇದೆ, ಆಮೇಲೆ ಹೇಳ್ತೀನಿ.

ನನ್ನ ಕತ್ತಿಗೆ ನೇತಾಡುವ ಕಾರ್ಡಿನಲ್ಲಿ 'ಕ್ಲಿನಿಕಲ್ ಸಿಸ್ಟಮ್ಸ್ ಅನಲಿಸ್ಟ್' ಅಂತ ಇದೆ. ಲಿಫ್ಟಿನಲ್ಲಿ ಅದನ್ನು ಓದಿದವರು ಒಂದೋ ರಕ್ತಪರೀಕ್ಷೆ ಮಾಡುವವಳು ಅಂದ್ಕೊಳ್ತಾರೆ, ಇಲ್ಲಾ ಪ್ರಿಂಟರ್ ರಿಪೇರಿಯವಳು ಅಂದ್ಕೊಳ್ತಾರೆ. ಎರಡನೆಯದು ಪೂರ್ತಿ ಸುಳ್ಳೂ ಅಲ್ಲ, ಪೇಪರ್ ಸಿಕ್ಕಿಹಾಕಿಕೊಂಡರೂ ನನಗೇ ಫೋನ್ ಬರುತ್ತೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿಇ ಮಾಡಿ, ನಾಲ್ಕು ವರ್ಷ ಯಾವುದೋ ದೇಶದ ಬ್ಯಾಂಕಿಗೆ ಕೋಡ್ ಬರೆದು, ಆಮೇಲೆ ಇಲ್ಲಿಗೆ ಬಂದವಳು ನಾನು. ಡಾಕ್ಟರ್ ಆರ್ಡರ್ ಹಾಕುವ ಸ್ಕ್ರೀನು, ಸಿಸ್ಟರ್ ಔಷಧಿ ಕೊಟ್ಟಿದ್ದನ್ನು ಬರೆಯುವ ಸ್ಕ್ರೀನು, ಲ್ಯಾಬಿನ ಯಂತ್ರದಿಂದ ಬರುವ ರಿಸಲ್ಟು, ಎಕ್ಸ್‌ರೇ ಚಿತ್ರ, ಫಾರ್ಮಸಿಯ ಸ್ಟಾಕು, ಕೊನೆಗೆ ಬಿಲ್ಲು, ಇಷ್ಟೂ ಒಂದರ ಜೊತೆ ಒಂದು ಮಾತಾಡಬೇಕು. ಅವು ಸರಿಯಾಗಿ ಮಾತಾಡ್ತಾ ಇವೆಯಾ, ಮಾತಾಡಿದ್ದು ವಾರ್ಡಿನವರ ಕೆಲಸಕ್ಕೆ ಹೊಂದುತ್ತಾ ಅಂತ ನೋಡೋದು ನನ್ನ ಕೆಲಸ. ಡಾಕ್ಟರ್ ಹೇಳಿದ್ದನ್ನು ಸಾಫ್ಟ್‌ವೇರ್ ಕಂಪನಿಯವರಿಗೆ ಅರ್ಥ ಆಗುವ ಹಾಗೆ ಹೇಳಬೇಕು, ಅವರು ಹೇಳಿದ್ದನ್ನು ಡಾಕ್ಟರಿಗೆ ಸಿಟ್ಟು ಬರದ ಹಾಗೆ ಹೇಳಬೇಕು. ಮದುವೆ ಮಾತುಕತೆಯಲ್ಲಿ ಎರಡೂ ಕಡೆಗೆ ಓಡಾಡುವ ದೊಡ್ಡಪ್ಪಂದಿರು ಇರ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

ಈ ಯಂತ್ರಗಳು ಮಾತಾಡೋಕೆ ಒಂದು ಭಾಷೆ ಇದೆ. ಎಚ್‌ಎಲ್7 ಅಂತಾರೆ. ಅದನ್ನು ರೂಪಿಸುವ ಸಂಸ್ಥೆ ಅಮೆರಿಕದಲ್ಲಿ ಶುರುವಾಗಿದ್ದು 1987ರಲ್ಲಿ, ನಾನು ಹುಟ್ಟೋಕೂ ಮೊದಲು. ನೋಡೋಕೆ ಉದ್ದುದ್ದ ಗೀಟುಗಳ ಮಧ್ಯೆ ಅಕ್ಷರ ಚೆಲ್ಲಿದ ಹಾಗಿರುತ್ತೆ. ಪಿಐಡಿ ಅಂತ ಶುರುವಾಗುವ ಸಾಲಿನಲ್ಲಿ ರೋಗಿ ಯಾರು ಅಂತ ಇರುತ್ತೆ, ಒಬಿಎಕ್ಸ್ ಸಾಲಿನಲ್ಲಿ ಪರೀಕ್ಷೆಯ ಫಲಿತಾಂಶ. ಈಗ ಎಫ್‌ಎಚ್‌ಐಆರ್ ಅಂತ ಹೊಸದು ಬಂದಿದೆ, ಕರೆಯೋದು 'ಫೈರ್' ಅಂತ. ಇದನ್ನೆಲ್ಲ ಕಲಿಯೋದು ಅಂಥ ಕಷ್ಟ ಅಲ್ಲ. ಒಂದು ಅಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಅದರ ಅರ್ಥವೂ ಜೊತೆಗೆ ಹೋಯ್ತಾ ಅಂತ ನೋಡೋದಿದೆಯಲ್ಲ, ಅದು ಕಷ್ಟ.

ನಮ್ಮ ಮನೆಯದೇ ಉದಾಹರಣೆ. ಲಂಡನ್ನಿನಲ್ಲಿರುವ ಮಾವ ಒಂದು ಸಲ ಫ್ಯಾಮಿಲಿ ಗ್ರೂಪಿನಲ್ಲಿ 'ಖಾಲಿ ಹೊಟ್ಟೆ ಶುಗರ್ 7 ಬಂದಿದೆ, ಬೇಜಾರಾಗಿದೆ' ಅಂತ ಹಾಕಿದ್ದರು. ಅಜ್ಜಿ ಗಾಬರಿಬಿದ್ದರು. "ಏಳಾ? ಎಚ್ಚರ ಇದ್ಯಾ ಅವನಿಗೆ? ಬೇಗ ಒಂದು ಲೋಟ ಪಾನಕ ಕುಡಿಯೋಕೆ ಹೇಳ್ರೋ!" ಅಲ್ಲಿ ಸಕ್ಕರೆಯನ್ನು ಅಳೆಯೋದು ಮಿಲಿಮೋಲ್ ಲೆಕ್ಕದಲ್ಲಿ, ಇಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ. 18ರಿಂದ ಗುಣಿಸಿದರೆ ಅವರ 7 ನಮ್ಮ 126 ಆಗುತ್ತೆ, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅಲ್ಲಿಗೆ ಪಾನಕ ಕುಡಿಸಬೇಕಾ? ಗ್ರೂಪಿನಲ್ಲಾದರೆ ನಗಬಹುದು. ಲ್ಯಾಬ್ ಬದಲಾಯಿಸಿದಾಗ ಯಂತ್ರದಿಂದ ಬಂದ ಅಂಕಿಯ ಪಕ್ಕ ಯುನಿಟ್ಟೇ ಬರದೇ ಹೋದರೆ ನಗು ಬರಲ್ಲ. ಅದಕ್ಕೇ ಪ್ರತಿ ಪರೀಕ್ಷೆಗೂ ಲೋಯಿಂಕ್ ಅನ್ನುವ ಸಂಕೇತ, ಕಾಯಿಲೆಗೆ ಐಸಿಡಿ-10, ಲಕ್ಷಣ, ಅಲರ್ಜಿ ಇಂಥವಕ್ಕೆ ಸ್ನೋಮೆಡ್ ಅಂತೆಲ್ಲ ಇಟ್ಟುಕೊಂಡಿದ್ದಾರೆ. 2014ರಿಂದ ಭಾರತವೂ ಸ್ನೋಮೆಡ್‌ನ ಸದಸ್ಯ ದೇಶ.

ಇನ್ನು ನಮ್ಮ ಕಡೆ ಹೆಸರಿನದ್ದೇ ಒಂದು ಪುರಾಣ. ಲಕ್ಷ್ಮಮ್ಮ ಅನ್ನುವ ಹೆಸರನ್ನು ಕನ್ನಡದಲ್ಲಿ ಒಂದೇ ಥರ ಬರೀತೀವಿ. ರಿಜಿಸ್ಟ್ರೇಷನ್ ಕೌಂಟರಿನ ಇಂಗ್ಲಿಷ್ ಕೀಬೋರ್ಡಿನಲ್ಲಿ ಅದಕ್ಕೆ ನಾಲ್ಕು ಅವತಾರ. ಒಬ್ಬ ಹುಡುಗ ಎಕ್ಸ್ ಹಾಕ್ತಾನೆ, ಇನ್ನೊಬ್ಬಳು ಕೆ-ಎಸ್-ಎಚ್ ಹಾಕ್ತಾಳೆ, ಮತ್ತೊಬ್ಬರು ಇನಿಷಿಯಲ್ ಮುಂದೆ ಹಾಕ್ತಾರೆ, ಇನ್ನೊಬ್ಬರು ಹಿಂದೆ. ವಯಸ್ಸು ಕೇಳಿದರೆ "ಅರವತ್ತೋ ಅರವತ್ತೈದೋ ಹಾಕ್ಕೊಳಪ್ಪ" ಅಂತಾರೆ. ಅವನು ಜನವರಿ 1 ಹಾಕಿಕೊಳ್ತಾನೆ. ಹೀಗೆ ಒಬ್ಬರೇ ಅಜ್ಜಿ ನಮ್ಮ ಕಂಪ್ಯೂಟರಿನಲ್ಲಿ ಮೂರು ಜನ ಆಗಿಬಿಡ್ತಾರೆ. ಬಿಲ್ಲಿಗೆ ಇದರಿಂದ ತೊಂದರೆ ಇಲ್ಲ, ದುಡ್ಡು ಕೊಟ್ಟರೆ ಸಾಕು. ಆದರೆ ಮೊದಲನೆಯ ಲಕ್ಷ್ಮಮ್ಮನಿಗೆ ಪೆನಿಸಿಲಿನ್ ಆಗಲ್ಲ ಅಂತ ಎರಡು ವರ್ಷದ ಹಿಂದೆ ಬರೆದದ್ದು ಮೂರನೆಯ ಲಕ್ಷ್ಮಮ್ಮನ ಫೈಲಿನಲ್ಲಿ ಕಾಣಿಸಲ್ಲ. ವಾರಕ್ಕೊಂದು ಮಧ್ಯಾಹ್ನ ನಾನು ಇಂಥ ಲಕ್ಷ್ಮಮ್ಮಂದಿರನ್ನು ಸೇರಿಸೋ ಕೆಲಸಕ್ಕೆ ಕೂರ್ತೀನಿ. ಅವಸರ ಮಾಡಿದರೆ ಇಬ್ಬರು ಬೇರೆ ಬೇರೆ ಅಜ್ಜಿಯರನ್ನು ಒಬ್ಬರನ್ನಾಗಿ ಮಾಡಿಬಿಡುವ ಭಯ. ಅದು ಇನ್ನೂ ಕೆಟ್ಟದ್ದು. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಶುರುಮಾಡಿತಲ್ಲ, ಅದರ 14 ಅಂಕಿಯ ಆಭಾ ಸಂಖ್ಯೆಯ ಉದ್ದೇಶಗಳಲ್ಲಿ ಇದೂ ಒಂದು: ಎಲ್ಲಿಗೆ ಹೋದರೂ ಒಬ್ಬರು ಒಬ್ಬರೇ ಆಗಿರಲಿ ಅಂತ. ಆಭಾ ಕಾರ್ಡ್ ಅಂದರೆ ಉಚಿತ ಚಿಕಿತ್ಸೆಯ ಕಾರ್ಡ್ ಅಂದುಕೊಂಡು ಬರುವವರು ಬಹಳ. ಅಲ್ಲ. ಅದು ನಿಮ್ಮ ದಾಖಲೆಗಳನ್ನು ಜೋಡಿಸುವ ನಂಬರ್ ಅಷ್ಟೇ. ಅದನ್ನು ಬಳಸಿ ದಾಖಲೆ ಹಂಚಿಕೊಳ್ಳೋಕೆ ನಿಮ್ಮ ಒಪ್ಪಿಗೆ ಬೇಕು.

ಭಾನುವಾರ ಪುಟ್ಟಿ ಬಂದಳು. ನೈಟ್ ಮುಗಿಸಿ ನೇರ ಬಂದಿದ್ದಳು, ಕಣ್ಣು ಕೆಂಪಗಿತ್ತು. ಅವರೆಕಾಳು ಉಪ್ಪಿಟ್ಟು ತಿಂದು, ದಿಂಬಿಗೆ ಒರಗಿ, "ಹೇಳಕ್ಕ, ನಂಗೆ ಕೋಡಿಂಗ್ ಬರಲ್ವಲ್ಲ, ಆಗುತ್ತಾ?" ಅಂದಳು.

ಈ ಪ್ರಶ್ನೆಗೆ ಏನು ಹೇಳಬೇಕು ಅಂತ ನಾನು ಆ ವಾರ ಪೂರ್ತಿ ಯೋಚಿಸಿದ್ದೆ. ಕೊನೆಗೆ ಅವಳಿಗೆ ಒಂದು ಕತೆ ಹೇಳಿದೆ. ಮೂರು ವರ್ಷದಿಂದ ನಾನು ಮನೆಯಲ್ಲಿ ಯಾರಿಗೂ ಹೇಳದ ಕತೆ. ಈ ಕೆಲಸದ ಬಗ್ಗೆ ಬರೆಯದೇ ಇದ್ದದ್ದಕ್ಕೆ ಕಾರಣವೂ ಅದೇ.

ಆಗ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಕಾಗದದ ಡ್ರಗ್ ಚಾರ್ಟ್ ಬಿಟ್ಟು ಕಂಪ್ಯೂಟರಿಗೆ ಬಂದು ಎರಡನೇ ವಾರ. ಔಷಧಿ ಆರ್ಡರ್ ಮಾಡುವ ಸ್ಕ್ರೀನ್ ನನ್ನದು. ಅಂದರೆ ಯಾವ ಕಾಲಂ ಎಲ್ಲಿರಬೇಕು, ಪಟ್ಟಿ ಹೇಗೆ ಕಾಣಬೇಕು ಅಂತ ತೀರ್ಮಾನ ಮಾಡಿ, ಟೆಸ್ಟ್ ಮಾಡಿ, ಸರಿಯಿದೆ ಅಂತ ಸಹಿ ಹಾಕಿದವಳು ನಾನು. ರಾತ್ರಿ ಹನ್ನೊಂದೂಕಾಲಿಗೆ ಮಕ್ಕಳ ವಾರ್ಡಿನಿಂದ ಸಿಸ್ಟರ್ ಒಬ್ಬರ ಫೋನ್. ಕೇರಳದವರು, ಕನ್ನಡ ಚೆನ್ನಾಗಿ ಮಾತಾಡ್ತಿದ್ದರು. "ಮೇಡಂ, ಡಾಕ್ಟ್ರು ಐದು ಎಂಎಲ್ ಅಂತ ಹಾಕಿದ್ದಾರೆ. ಬಾಟ್ಲಿ ನೋಡಿದ್ರೆ ಬೇರೆ ಬಂದಿದೆ. ಐದು ಎಂಎಲ್ ಅಂದ್ರೆ ಎಷ್ಟು ಕೊಡ್ಬೇಕು ನಾನು?"

ತಾಯಂದಿರಿಗೆ ಇದು ತಟ್ಟನೆ ಅರ್ಥ ಆಗುತ್ತೆ. ಮಕ್ಕಳ ಜ್ವರದ ಪ್ಯಾರಸಿಟಮಾಲ್ ಸಿರಪ್ ಒಂದೇ ಥರ ಬರಲ್ಲ. ಒಂದರಲ್ಲಿ ಐದು ಎಂಎಲ್‌ಗೆ 125 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ ಅಷ್ಟೇ ಎಂಎಲ್‌ಗೆ 250. ಆ ಮಗು 9 ಕೆಜಿ. ಒಂದು ಕೆಜಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಅನ್ನೋದು ಸಾಮಾನ್ಯ ಲೆಕ್ಕ. ಅಂದರೆ 125 ಸರಿ, 250 ಕೊಟ್ಟರೆ ಎರಡರಷ್ಟು. ಒಂದು ಸಲಕ್ಕೆ ಏನೂ ಆಗದೇ ಇರಬಹುದು, ಆರು ಗಂಟೆಗೊಂದು ಸಲ ಎರಡು ಮೂರು ದಿನ ಕೊಟ್ಟರೆ ಆ ಪುಟ್ಟ ಲಿವರಿನ ಗತಿ? ಸಿಸ್ಟರ್ ಕೊಡಲಿಲ್ಲ. ಡ್ಯೂಟಿ ಡಾಕ್ಟರನ್ನು ಕರೆಸಿ, ಫಾರ್ಮಸಿಗೆ ಫೋನ್ ಮಾಡಿ, ಬಾಟ್ಲಿ ಬದಲಾಯಿಸಿ ತರಿಸುವಷ್ಟರಲ್ಲಿ ನಲವತ್ತು ನಿಮಿಷ. ಅಷ್ಟೂ ಹೊತ್ತು ಮಗು ಜ್ವರದಲ್ಲಿ ಅಳ್ತಾ ಇತ್ತು, ಮಗುವಿನ ಅಮ್ಮ ಸಿಸ್ಟರಿಗೆ ಬೈತಾ ಇದ್ದರು.

ಬೆಳಿಗ್ಗೆ ಏಳಕ್ಕೇ ಹೋಗಿ ನೋಡಿದೆ. ಡಾಕ್ಟರ್ "ನಾನು 125 ಆರಿಸಿದೆ" ಅಂತಿದ್ದರು. ಫಾರ್ಮಸಿಯವರು "250 ಅಂತ ಬಂತು, ಅದನ್ನೇ ಕಳಿಸಿದ್ವಿ" ಅಂತಿದ್ದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ನನ್ನ ಮೇಜಿನ ಮೇಲೆ 24 ಇಂಚಿನ ಮಾನಿಟರ್ ಇತ್ತು. ವಾರ್ಡಿನ ಕೌಂಟರಿನಲ್ಲಿ ಇದ್ದದ್ದು ಹಳೆಯ 15 ಇಂಚಿನ ಡಬ್ಬ. ಅದರಲ್ಲಿ ಔಷಧಿಯ ಹೆಸರಿನ ಕಾಲಂ ಕಿರಿದಾಗಿ, ಉದ್ದ ಹೆಸರಿನ ಬಾಲ ಕತ್ತರಿಸಿಹೋಗಿ ಮೂರು ಚುಕ್ಕಿ ಕಾಣಿಸ್ತಿತ್ತು. 125, 250 ಅನ್ನೋದು ಇದ್ದದ್ದೇ ಆ ಬಾಲದಲ್ಲಿ. ಪಟ್ಟಿಯಲ್ಲಿ ಒಂದರ ಕೆಳಗೊಂದು ತದ್ವತ್ ಒಂದೇ ಥರದ ಎರಡು ಸಾಲು. ಡಾಕ್ಟರ್ ಕೆಳಗಿನದನ್ನು ಒತ್ತಿದ್ದರು. ನಾನು ಟೆಸ್ಟ್ ಮಾಡುವಾಗ ಹಾಕಿಕೊಂಡಿದ್ದ ಹೆಸರು 'ಟೆಸ್ಟ್ ಡ್ರಗ್ 1', 'ಟೆಸ್ಟ್ ಡ್ರಗ್ 2'. ಚಿಕ್ಕ ಹೆಸರು, ಎಲ್ಲ ಪಾಸ್.

ಇಷ್ಟು ಗೊತ್ತಾಗೋಕೆ ಹತ್ತು ನಿಮಿಷ ಸಾಕಾಯ್ತು. ಒಂಬತ್ತು ಗಂಟೆಯ ಮೀಟಿಂಗಿನಲ್ಲಿ ಹಿಂದಿನ ರಾತ್ರಿಯ ಪಟ್ಟಿ ಓದಿದರು. ಮಕ್ಕಳ ವಾರ್ಡ್, ಔಷಧಿ ಕೊಡೋದು 40 ನಿಮಿಷ ತಡ, ರೋಗಿಯ ಕಡೆಯವರ ದೂರು, ಸ್ಟಾಫ್ ನರ್ಸ್ ಇಂಥವರು. ಅವರಿಂದ ಲಿಖಿತ ವಿವರಣೆ ತಗೊಳ್ಳಿ ಅಂದರು. ನಾನು ಅದೇ ರೂಮಿನಲ್ಲಿದ್ದೆ. ಪಕ್ಕದಲ್ಲಿ ನನ್ನ ಮ್ಯಾನೇಜರ್ ಇದ್ದರು, ಹೊಸ ಸಿಸ್ಟಮ್ ಚೆನ್ನಾಗಿ ನಡೀತಿದೆ ಅಂತ ಅವರು ಆಗಷ್ಟೇ ಹೇಳಿದ್ದರು. ಪೂರ್ತಿ ಗೊತ್ತಾದ ಮೇಲೆ ಹೇಳೋಣ, ಅರ್ಧಂಬರ್ಧ ಹೇಳೋದು ಬೇಡ ಅಂತ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಗೊತ್ತಾಗಿಯೇ ಇತ್ತು. ಮಧ್ಯಾಹ್ನ ಊಟ ಮಾಡೋಕೆ ಕೂತಾಗ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಎರಡೂವರೆಗೆ ಹೋಗಿ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೇಳಿದೆ. ಅಷ್ಟರಲ್ಲಿ ಆ ಸಿಸ್ಟರ್, ರಾತ್ರಿ ಡ್ಯೂಟಿ ಮುಗಿಸಿದವರು, ಮನೆಗೂ ಹೋಗದೆ ಕೂತು ಅರ್ಧ ಪುಟ ವಿವರಣೆ ಬರೆದು ಕೊಟ್ಟು ಹೋಗಿದ್ದರು. ಅದನ್ನು ನನಗೆ ತೋರಿಸಿದರು. ದುಂಡಗಿನ ಅಕ್ಷರ. ಕೊನೆಯ ಸಾಲಿನಲ್ಲಿ, ತಡವಾಗಿದ್ದಕ್ಕೆ ಕ್ಷಮೆ ಇರಲಿ ಅಂತ ಇತ್ತು.

ಪುಟ್ಟಿ ದಿಂಬು ಬಿಟ್ಟು ಎದ್ದು ಕೂತಿದ್ದಳು. ಮಗು ಏನಾಯ್ತು ಅಂತ ಕೇಳಿದಳು. ಚೆನ್ನಾಗಿ ಮನೆಗೆ ಹೋಯ್ತು ಅಂದೆ. ಆಮೇಲೆ, "ಬೆಳಿಗ್ಗೆ ಮೀಟಿಂಗಲ್ಲೇ ಯಾಕೆ ಹೇಳ್ಲಿಲ್ಲ ಅಕ್ಕ?" ಅಂದಳು. ಭಯ ಆಯ್ತು ಅಂದೆ. "ಅವ್ರಿಗೂ ಆಗಿರುತ್ತೆ" ಅಂದಳು ಅಷ್ಟೇ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆ ಸಿಸ್ಟರನ್ನು ನಾನು ಆಮೇಲೆ ಹುಡುಕಿಕೊಂಡು ಹೋಗಿ ಸಾರಿ ಕೇಳಿದೆ, ಅವರ ಫೈಲಿನಿಂದ ಆ ಕಾಗದ ತೆಗೆಸಿದೆ ಅನ್ನೋದನ್ನೂ ಪುಟ್ಟಿಗೆ ಹೇಳಿದೆ. ಹೇಳುವಾಗ ನನಗೇ ಅದು ಸಮಜಾಯಿಷಿ ಥರ ಕೇಳಿಸಿತು.

ಸ್ಕ್ರೀನ್ ಸರಿಮಾಡಿದ್ದು ಮೂರನೇ ದಿನ. ಬಲ ಎಷ್ಟು ಅನ್ನೋದಕ್ಕೆ ಬೇರೆ ಕಾಲಂ, ದಪ್ಪಕ್ಷರದಲ್ಲಿ. ಮಕ್ಕಳಿಗೆ ಎಂಎಲ್ ಲೆಕ್ಕದಲ್ಲಿ ಆರ್ಡರ್ ಹಾಕೋ ಹಾಗಿಲ್ಲ, ಮಿಲಿಗ್ರಾಂನಲ್ಲಿ ಹಾಕಬೇಕು, ಎಂಎಲ್ ಎಷ್ಟು ಅನ್ನೋದನ್ನು ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುತ್ತೆ. ತೂಕ ಬರೆಯದೆ ಮುಂದಕ್ಕೇ ಹೋಗಲ್ಲ. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೆದರಿದ್ದೆನಲ್ಲ, ಎಲ್ಲದಕ್ಕೂ ಎಚ್ಚರಿಕೆಯ ಡಬ್ಬಿ ಹಾಕಿಸಿಬಿಟ್ಟೆ. ಯಾವ ಔಷಧಿ ಮುಟ್ಟಿದರೂ ಕೆಂಪು ಡಬ್ಬಿ ಎದ್ದು ಬಂದು 'ಖಚಿತವೇ?' ಅಂತ ಕೇಳೋದು. ಒಂದೇ ತಿಂಗಳಲ್ಲಿ ಡಾಕ್ಟರುಗಳು ಓದೋದನ್ನೇ ಬಿಟ್ಟರು, ಡಬ್ಬಿ ಬರುವ ಮೊದಲೇ ಬೆರಳು ಓಕೆ ಮೇಲೆ ಇರ್ತಿತ್ತು. ಇದಕ್ಕೆ ನಮ್ಮ ಕ್ಷೇತ್ರದಲ್ಲಿ 'ಅಲರ್ಟ್ ಫಟೀಗ್' ಅಂತಲೇ ಹೆಸರಿದೆ, ಪ್ರಪಂಚದ ಎಲ್ಲ ಆಸ್ಪತ್ರೆಗಳ ತಲೆನೋವು. ಬೀದಿಯಲ್ಲಿ ಇಡೀ ದಿನ ಹಾರ್ನ್ ಹೊಡೆದರೆ ಆಂಬುಲೆನ್ಸಿಗೂ ಯಾರೂ ತಿರುಗಿ ನೋಡಲ್ವಲ್ಲ. ಆಮೇಲೆ ಒಬ್ಬ ಹಿರಿಯ ಡಾಕ್ಟರ್ ಮತ್ತು ಫಾರ್ಮಸಿಸ್ಟ್ ಜೊತೆ ಕೂತು ಒಂದೊಂದೇ ಎಚ್ಚರಿಕೆ ತೆಗೆದೆವು. ಯಾವುದನ್ನು ಇಡಬೇಕು ಅನ್ನೋದಕ್ಕಿಂತ ಯಾವುದನ್ನು ತೆಗೆದರೆ ನಾಳೆ ನಿದ್ದೆ ಬರುತ್ತೆ ಅನ್ನೋದು ಕಷ್ಟದ ಪ್ರಶ್ನೆ.

ಕತೆ ಮುಗಿಸಿ ಪುಟ್ಟಿಗೆ ಹೇಳಿದೆ, ನೋಡು, ಆವತ್ತು ರಾತ್ರಿ ನನಗೆ ಕೋಡಿಂಗ್ ಬರ್ತಿತ್ತು. 9 ಕೆಜಿ ಮಗುವಿಗೆ ಐದು ಎಂಎಲ್ ಸರಿಯಾ ಅಂತ ಬಾಟ್ಲಿ ತಿರುಗಿಸಿ ನೋಡೋದು ಬರ್ತಿರಲಿಲ್ಲ. ಅದು ನಿನಗೆ ಬರುತ್ತೆ. ಕಲಿಯಬೇಕಾದ್ದು ನಿನಗೂ ಇದೆ. ಡೇಟಾಬೇಸಿನಿಂದ ಬೇಕಾದ್ದನ್ನು ಹೆಕ್ಕಿ ತೆಗೆಯೋಕೆ ಎಸ್‌ಕ್ಯೂಎಲ್ ಬೇಕು, ಎರಡು ಮೂರು ತಿಂಗಳು ಕೂತರೆ ಬರುತ್ತೆ. ಒಂದು ಕೆಲಸ ಶುರುವಿಂದ ಕೊನೆವರೆಗೆ ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ ಅಂತ ಚಿತ್ರ ಬಿಡಿಸೋದು ಬರಬೇಕು. ಹ್ಯಾಂಡ್‌ಓವರ್ ಕೊಡುವಾಗ ನೀನು ಬಾಯಲ್ಲಿ ಮಾಡೋದೂ ಅದನ್ನೇ. ತಪ್ಪು ಹುಡುಕೋಕೆ ಟೆಸ್ಟ್ ಬರೆಯೋದು, ಸಿಡಿಮಿಡಿ ಅನ್ನೋ ಸರ್ಜನ್ನಿಗೆ ಐದು ನಿಮಿಷದಲ್ಲಿ ಹೊಸ ಸ್ಕ್ರೀನ್ ಕಲಿಸೋದು, ಮೀಟಿಂಗಿನಲ್ಲಿ ಎಲ್ಲರೂ ಮುಗೀತು ಅಂತ ಎದ್ದಾಗ 'ಒಂದ್ನಿಮಿಷ' ಅನ್ನೋದು. ಕೊನೆಯದು ನನಗೆ ಇನ್ನೂ ಪೂರ್ತಿ ಬಂದಿಲ್ಲ. ಅಮೆರಿಕದ ನರ್ಸುಗಳ ಸಂಘ 1992ರಲ್ಲೇ ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಅನ್ನೋದನ್ನು ಒಂದು ವಿಶೇಷ ವಿಭಾಗ ಅಂತ ಒಪ್ಪಿಕೊಂಡಿತು. ನಾನು ಕಂಡ ಆಸ್ಪತ್ರೆಗಳಲ್ಲಿ ಮಾತ್ರ ಇವತ್ತಿಗೂ ಈ ಕುರ್ಚಿಗೆ ಮೊದಲು ಹುಡುಕೋದು ನನ್ನಂಥ ಇಂಜಿನಿಯರನ್ನೇ. ನನ್ನನ್ನು ಕೇಳಿದರೆ ಅದು ಉಲ್ಟಾ.

ಇನ್ನೊಂದು ಮಾತನ್ನು ಮುಚ್ಚಿಡಲಿಲ್ಲ. ಚಿಕ್ಕಮ್ಮ ಅಂದ್ಕೊಂಡ ಹಾಗೆ ರಾತ್ರಿ ಫೋನ್ ನಿಲ್ಲಲ್ಲ. ಸರ್ವರ್ ಮಲಗಿದರೆ ನಾವು ಏಳಬೇಕು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿ ಆದಾಗ ಅಷ್ಟು ದೊಡ್ಡ ಆಸ್ಪತ್ರೆ ಎಷ್ಟೋ ದಿನ ಕಾಗದದ ಮೇಲೆ ನಡೆಯಿತು. ಆ ಸುದ್ದಿ ಬಂದ ವಾರ ನಾವೂ ಪ್ರತಿ ವಾರ್ಡಿನಲ್ಲಿ ಖಾಲಿ ಫಾರಂ ತುಂಬಿದ ಕೆಂಪು ಫೈಲ್ ಇದೆಯಾ ಅಂತ ಎಣಿಸಿಕೊಂಡು ಬಂದೆವು. ಎರಡು ವಾರ್ಡಿನಲ್ಲಿ ಆ ಫಾರಂ ಹಿಂದೆ ತರಕಾರಿ ಲೆಕ್ಕ ಬರೆದಿತ್ತು. ಸಂಬಳ ಕೇಳಿದಳು. ಐಟಿ ಕಂಪನಿಯಷ್ಟಿಲ್ಲ, ವಾರ್ಡಿಗಿಂತ ಪರವಾಗಿಲ್ಲ ಅಂದೆ. ಸುಳ್ಳು ಆಸೆ ಯಾಕೆ?

"ಮಕ್ಕಳನ್ನ ಬಿಟ್ಟು ಬರೋಕೆ ಮನಸ್ಸಾಗುತ್ತಾ ಗೊತ್ತಿಲ್ಲ ಅಕ್ಕ" ಅಂದಳು ಪುಟ್ಟಿ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆನ್ನು ನೋವು ಅವಳದು, ಮನಸ್ಸೂ ಅವಳದು. ಸದ್ಯಕ್ಕೆ ಭಾನುವಾರ ಭಾನುವಾರ ಬಂದು ಎಸ್‌ಕ್ಯೂಎಲ್ ಕಲೀತಾಳೆ ಅಂತ ಆಗಿದೆ. ಚಿಕ್ಕಮ್ಮನಿಗೆ 'ಟ್ರೈನಿಂಗ್ ನಡೀತಿದೆ' ಅಂತ ಹೇಳಿದ್ದೇವೆ.

ಹೋದ ಭಾನುವಾರ ಲ್ಯಾಪ್‌ಟಾಪಿನಲ್ಲಿ ನಮ್ಮ ಔಷಧಿ ಸ್ಕ್ರೀನಿನ ಡೆಮೊ ತೋರಿಸಿದೆ, ಸುಳ್ಳು ರೋಗಿಗಳು ಇರುವಂಥದ್ದು. ಸುಮಾರು ಹೊತ್ತು ಅದರಲ್ಲಿ ಆಡಿದಳು. ಡೋಸ್ ಕೊಟ್ಟ ಮೇಲೆ ಒತ್ತುವ ಜಾಗದಲ್ಲಿ ಎರಡೇ ಬಟನ್ ಇವೆ, 'ಕೊಟ್ಟಿದೆ', 'ಕೊಟ್ಟಿಲ್ಲ'. ಅಲ್ಲಿ ಬಂದು ನಿಂತಳು.

"ಅಕ್ಕ, ಸಿರಪ್ ಕುಡಿಸಿದ ಎರಡು ನಿಮಿಷಕ್ಕೆ ಮಗು ಎಲ್ಲ ವಾಂತಿ ಮಾಡ್ಕೊಂಡ್ಬಿಡುತ್ತೆ. ಆಗ ನಾನು ಯಾವ್ದು ಒತ್ಲಿ?"

ನಾನು ಸ್ಕ್ರೀನ್ ನೋಡಿದೆ. ಮೂರು ವರ್ಷದಿಂದ ನೋಡ್ತಾ ಇರುವ ಸ್ಕ್ರೀನು. 'ಕೊಟ್ಟಿದೆ' ಅಂದರೆ ಮುಂದಿನ ಸಿಸ್ಟರ್ ಆರು ಗಂಟೆ ಕೊಡಲ್ಲ, ಜ್ವರ ಏರುತ್ತೆ. 'ಕೊಟ್ಟಿಲ್ಲ' ಅಂದರೆ ಇನ್ನೊಂದು ಪೂರ್ತಿ ಡೋಸ್ ಬೀಳಬಹುದು, ಅರ್ಧ ಹೊಟ್ಟೆಯಲ್ಲೇ ಉಳಿದಿದ್ದರೂ.

"ನೀವು ಏನ್ ಮಾಡ್ತೀರ?" ಅಂತ ಕೇಳಿದೆ.

"ಡಾಕ್ಟ್ರನ್ನ ಕೇಳ್ತೀವಿ. ಎಷ್ಟು ಹೊತ್ತಿಗೆ ವಾಂತಿ ಆಯ್ತು, ಎಷ್ಟು ಹೋಯ್ತು ಅಂತ ಚಾರ್ಟ್ ಅಂಚಲ್ಲಿ ಪೆನ್ನಲ್ಲಿ ಬರೀತೀವಿ. ನಿಮ್ದರಲ್ಲಿ ಅಂಚೇ ಇಲ್ವಲ್ಲ."

ಸೋಮವಾರ ಬೆಳಿಗ್ಗೆ ಮೊದಲ ಕೆಲಸವಾಗಿ ಅದನ್ನು ಸಾಫ್ಟ್‌ವೇರ್ ಕಂಪನಿಗೆ ಬರೆದು ಹಾಕಿದೆ. 'ಗಮನಿಸಿದವರು' ಅನ್ನುವ ಕಡೆ ನನ್ನ ಹೆಸರು ತಾನಾಗಿಯೇ ಬಂದಿತ್ತು. ಅದನ್ನು ಅಳಿಸಿ 'ಮಕ್ಕಳ ವಾರ್ಡಿನ ಸ್ಟಾಫ್ ನರ್ಸ್ ಒಬ್ಬರು' ಅಂತ ಹಾಕಿದೆ. ಇವತ್ತು ಗುರುವಾರ. ಅವರಿಂದ ಇನ್ನೂ ಉತ್ತರ ಬಂದಿಲ್ಲ.